ಕಲ್ಲಿನ ಮೀನು ತಲೆ ಎತ್ತಿದ ವರ್ಷ

ವಾಸನೆ ಹಳೆಯದನ್ನೆಲ್ಲ ಎಬ್ಬಿಸುತ್ತದೆ ಎನ್ನುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದು ಎಬ್ಬಿಸುವುದು ನಡೆದದ್ದನ್ನೋ, ನಡೆದದ್ದರ ಬಗ್ಗೆ ಆಮೇಲೆ ನಮಗೆ ನಾವೇ ಹೇಳಿಕೊಂಡದ್ದನ್ನೋ ಎಂಬುದು ಮೂಗಿಗೆ ತಿಳಿಯುವುದಿಲ್ಲ. ಆದರೂ ಹೋದ ತಿಂಗಳು ಮುಳಬಾಗಿಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಪಕ್ಕದ ಆಟೊದಿಂದ ಇಳಿಸುತ್ತಿದ್ದ ಹಳೆಯ ಬಲೆಯ ಮೂಟೆಯಿಂದ ಆ ವಾಸನೆ ಬಂತು. ಒಣಗಿದ ಪಾಚಿ, ಕೆಸರು, ಬೇವಿನ ಸೊಪ್ಪು, ಎಲ್ಲದರ ಅಡಿಯಲ್ಲಿ ಎಲ್ಲೋ ಸ್ವಲ್ಪ ಮೀನು. ಬಸ್ಸು ಬಂತು, ಹತ್ತಿದೆ. ಕೋಲಾರದವರೆಗೆ ಟಿಕೆಟ್ ತೆಗೆದುಕೊಂಡವನು ದೇವರಾಯಸಮುದ್ರದ ಹತ್ತಿರವೇ ಇಳಿದುಬಿಟ್ಟೆ. ಅಲ್ಲಿಂದ ಒಳಗೆ ಹೋದರೆ ನಾಲ್ಕು ವರ್ಷದಿಂದ ನಾನು ತಪ್ಪಿಸಿಕೊಂಡು ತಿರುಗುತ್ತಿದ್ದ ಊರು.

ಊರಿನ ಹೆಸರು ಬೇಡ. ಅದರ ಕೆರೆ ಊರಿಗಿಂತ ದೊಡ್ಡದು ಎಂದರೆ ಸಾಕು. ವಿಶ್ವವಿದ್ಯಾಲಯದ ಒಂದು ಅಧ್ಯಯನಕ್ಕೆ ಸಹಾಯಕನಾಗಿ ನಾನು ಅಲ್ಲಿಗೆ ಒಂದು ವರ್ಷ ಓಡಾಡಿದೆ. ಮುಳಬಾಗಿಲಿನಲ್ಲಿ ಬಾಡಿಗೆ ಕೋಣೆ, ಹಳೆಯ ಬೈಕು, ಹಸಿರು ರಟ್ಟಿನ ಮೂರು ಟಿಪ್ಪಣಿ ಪುಸ್ತಕ. ಕೆರೆಯ ನೀರನ್ನು ಜನ ಹೇಗೆ ಹಂಚಿಕೊಳ್ಳುತ್ತಾರೆ ಎಂದು ಬರೆದುಕೊಳ್ಳುವುದು ಕೆಲಸ. ಹೊರಡುವ ಮುನ್ನ ನಮ್ಮ ಪ್ರೊಫೆಸರು ಒಂದೇ ಬುದ್ಧಿಮಾತು ಹೇಳಿದ್ದರು: "ನೀನು ನೋಡೋಕೆ ಹೋಗ್ತಿರೋದು. ಮಧ್ಯೆ ಬಾಯಿ ಹಾಕಿದರೆ ಅಧ್ಯಯನ ಕೆಟ್ಟುಹೋಗುತ್ತೆ."

ನಾನು ಹೋದಾಗ ಕೆರೆಯಲ್ಲಿ ಹಂಚಿಕೊಳ್ಳಲು ಏನೂ ಇರಲಿಲ್ಲ. ಹದಿನೈದು ವರ್ಷದಿಂದ ಅದು ಜಾಲಿ ಬೆಳೆದ ಬಯಲು. ಮೇಕೆಗಳು ಮೇಯುತ್ತಿದ್ದವು, ಒಂದು ಮೂಲೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಕೆರೆಯ ಕೆಳಗಿನ ಅಚ್ಚುಕಟ್ಟಿನಲ್ಲಿ ಎರಡು ಎಕರೆ ಇದ್ದ ಸೀನಪ್ಪ ನನ್ನನ್ನು ಮೊದಲ ದಿನವೇ ಹಿಡಿದುಕೊಂಡ.

"ನೀರಿಲ್ದಿರೋ ಕೆರೆ ಮೇಲೆ ಪರೀಕ್ಷೆ ಬರೀತೀರಾ ಸಾರ್? ಹಂಗಾದ್ರೆ ಪಾಸಾಗೋದು ಸುಲಭ ಬಿಡಿ. ಎಲ್ಲದಕ್ಕೂ ಸೊನ್ನೆ ಹಾಕ್ಕೊಂಡು ಬನ್ನಿ."

ಆ ವರ್ಷದ ಮುಂಗಾರು ಹೇಳಿಕೊಳ್ಳುವಂಥದ್ದಲ್ಲ. ರಾಗಿ ಮಾತ್ರ ಹೇಗೋ ಎದ್ದುನಿಂತಿತ್ತು. ದೀಪಾವಳಿ ಕಳೆದು, ತೆನೆ ಬಲಿತು, ಇನ್ನೇನು ಕುಡುಗೋಲು ಹಾಕಬೇಕು ಎನ್ನುವಾಗ ಮಳೆ ಹಿಡಿಯಿತು. ನನ್ನ ನೆನಪಿನಲ್ಲಿ ಅದು ಇಪ್ಪತ್ತು ದಿನ ಬಿಡದೆ ಸುರಿಯಿತು. ಪುಸ್ತಕ ತೆಗೆದು ನೋಡಿದರೆ ಹನ್ನೊಂದು ದಿನ ಎಂದಿದೆ, ನಡುವೆ ಎರಡು ದಿನ ಚೆನ್ನಾಗಿ ಬಿಸಿಲು. ಆ ಬಿಸಿಲು ನನಗೆ ಸ್ವಲ್ಪವೂ ನೆನಪಿಲ್ಲ. ಮುಂದೆ ಹೇಳುವುದನ್ನೆಲ್ಲ ಓದುವಾಗ ಇದೊಂದು ಗಮನದಲ್ಲಿರಲಿ.

ಸೀನಪ್ಪನ ರಾಗಿ ನೆಲಕ್ಕೆ ಮಲಗಿ, ಮಲಗಿದಲ್ಲೇ ಮೊಳೆಯಿತು. ಅವನು ಒಂದು ತೆನೆ ಕಿತ್ತು ನನ್ನ ಅಂಗೈ ಮೇಲಿಟ್ಟ. ಮುಚ್ಚಿದ ಮುಷ್ಟಿಯಂಥ ತೆನೆಯ ತುಂಬ ಹಸಿರು ಕೂದಲಿನಂತೆ ಮೊಳಕೆ.

"ನೋಡಿ ಸಾರ್, ಖರ್ಚಿಲ್ದೆ ಎರಡನೇ ಬೆಳೆ" ಎಂದ. ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿ ನಗಲಿಲ್ಲ. ಮನೆಯಲ್ಲಿ ವರ್ಷವಿಡೀ ಮುದ್ದೆಯಾಗಬೇಕಾಗಿದ್ದ ರಾಗಿ ಅದು. ಆ ವಾರ ಟೊಮೆಟೊ ಗಿಡದಲ್ಲೇ ಕೊಳೆಯಿತು. ಸೊಪ್ಪು ಒದ್ದೆಯಾಗಿ ರೇಷ್ಮೆ ಹುಳುಗಳು ಸತ್ತವು. ಶ್ರೀನಿವಾಸಪುರದ ಕಡೆ ಮಾವು ಈ ಸಲ ಹೂವಿನ ಬದಲು ಎಲೆ ಬಿಡುತ್ತದೆ ಎಂದು ಗೌನಿಪಲ್ಲಿಯಿಂದ ಬಂದವರು ಹೇಳುತ್ತಿದ್ದರು.

ಅದೇ ಮಳೆಗೆ ಕೆರೆ ತುಂಬಿತು. ಒಂದು ಬೆಳಿಗ್ಗೆ ಹೋದರೆ ಕೋಡಿ ಹರಿಯುತ್ತಿತ್ತು. ಸುತ್ತಲ ಊರುಗಳಿಂದ ಜನ ಬಂದು ಕೆಂಪು ನೀರಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ರಾಗಿ ಕಳೆದುಕೊಂಡವರೂ ನಗುತ್ತಿದ್ದರು. ನೀರಗಂಟಿ ಚೌಡಪ್ಪ ಮಾತ್ರ ಕೋಡಿಗೆ ಬೆನ್ನು ಹಾಕಿ ಏರಿಯ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದ. ನೀರಗಂಟಿ ಎಂದರೆ ಕೆರೆಯ ತೂಬು ತೆರೆದು ಮುಚ್ಚಿ, ಗದ್ದೆಗದ್ದೆಗೂ ನೀರು ತಿರುಗಿಸುವವನು. ತಂದೆಯಿಂದ ಬಂದ ಆ ಕೆಲಸವನ್ನು ಮಾಡಲು ಹದಿನೈದು ವರ್ಷ ಅವನಿಗೆ ಕೆರೆಯೇ ಇರಲಿಲ್ಲ. ಊರೆಲ್ಲ ಅವನನ್ನು ತಾತ ಎನ್ನುತ್ತಿತ್ತು. ನಾನೂ ಹಾಗೆಯೇ ಕರೆಯುತ್ತಿದ್ದೆ.

ಊರಿನಲ್ಲಿ ಮೀನು ಹಿಡಿಯುವವರ ಮನೆ ಒಂದೇ ಉಳಿದಿತ್ತು. ಗಂಗುಲಪ್ಪ ಮತ್ತು ಅವನ ಹೆಂಡತಿ ಮುನಿರತ್ನಮ್ಮ. ಉಳಿದವರೆಲ್ಲ ಕೆರೆ ಒಣಗಿದ ಮೇಲೆ ಇಟ್ಟಿಗೆ ಗೂಡಿಗೆ, ಮಾಲೂರಿನ ಕಾರ್ಖಾನೆಗಳಿಗೆ ಸೇರಿಕೊಂಡಿದ್ದರು. ಇವರಿಬ್ಬರು ಆಂಧ್ರದಿಂದ ಲಾರಿಯಲ್ಲಿ ಬರುವ ಐಸು ಹಾಕಿದ ಮೀನು ಕೊಂಡು, ಮೊಪೆಡ್ಡಿನ ಹಿಂದೆ ಡಬ್ಬ ಕಟ್ಟಿಕೊಂಡು ಹಳ್ಳಿ ಹಳ್ಳಿ ಮಾರುತ್ತಿದ್ದರು. ತಮ್ಮದೇ ಬಲೆ ಮನೆಯ ಅಟ್ಟದ ಮೇಲೆ ಬೇವಿನ ಸೊಪ್ಪಿನಲ್ಲಿ ಸುತ್ತಿಕೊಂಡು ಮಲಗಿತ್ತು. ಕೋಡಿ ಹರಿದ ದಿನ ಮುನಿರತ್ನಮ್ಮ ಅದನ್ನು ಇಳಿಸಿ ಅಂಗಳದ ತುಂಬ ಹರಡಿದಳು.

"ನಮ್ಮಮ್ಮ ಹೆಣೆದ ಬಲೆ ಸಾರ್ ಇದು. ಮಾರ್ಬಿಡು ಮಾರ್ಬಿಡು ಅಂತ ಇವ್ರು ನನ್ನ ಜೀವ ತಿಂದವ್ರೆ."

"ನಾನ್ಯಾವಾಗ ಅಂದೆ?" ಗಂಗುಲಪ್ಪ ಒಳಗಿನಿಂದ ಕೂಗಿದ.

"ವರ್ಷಕ್ಕೆರಡು ಸಲ ಅಂದಿದ್ದೀಯ. ಇಲಿ ತಿಂತಾವೆ ಅಂದೆ, ಜಾಗ ಇಲ್ಲ ಅಂದೆ. ನೀನು ಇನ್ನೊಂದು ಸಲ ಅಂದಿದ್ರೆ ಬಲೆ ಇಲ್ಲೇ ಇಟ್ಟು ನಿನ್ನ ಅಟ್ಟಕ್ಕೆ ಹಾಕ್ತಿದ್ದೆ."

ಬಲೆಯ ಹರಿದ ಕಣ್ಣುಗಳನ್ನು ಅವಳು ಇಡೀ ತಿಂಗಳು ಕೂತು ಹೆಣೆದಳು. ನಾನು ದಿನಾ ಒಂದಷ್ಟು ಹೊತ್ತು ಅಲ್ಲಿ ಕೂರುತ್ತಿದ್ದೆ. ಬಲೆಯ ಗಂಟು ಹಾಕುವುದನ್ನು ಅವಳು ನನಗೆ ಕಲಿಸಲು ನೋಡಿದಳು. ದಾರವನ್ನು ಬೆರಳಿನ ಸುತ್ತ ತಂದು, ಹಿಂದಿನಿಂದ ತೂರಿಸಿ, ಒಂದೇ ಎಳೆತಕ್ಕೆ ಬಿಗಿಯಬೇಕು. ನನ್ನ ಗಂಟುಗಳೆಲ್ಲ ಜಾರಿ ಬಿಚ್ಚಿಕೊಳ್ಳುತ್ತಿದ್ದವು.

"ಎಂ.ಎ. ಓದಿದ್ದೀರ. ಒಂದು ಗಂಟು ನಿಲ್ಲಲ್ವಾ ಸಾರ್ ನಿಮ್ ಕೈಲಿ?"

ಕೆರೆಯ ಮೀನಿನ ಗುತ್ತಿಗೆ ಗಂಗುಲಪ್ಪನ ಹೆಸರಿಗೆ ಆಯಿತು. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮೀನಿನ ಮರಿ ತಂದು ಬಿಟ್ಟರು. ಕೈಬೆರಳಷ್ಟು ದೊಡ್ಡವು. ಬಿಟ್ಟ ದಿನ ಏರಿಯ ಮೇಲಿನ ಗಂಗಮ್ಮನ ಕಲ್ಲಿಗೆ ಅರಿಶಿನ ಹಚ್ಚಿ ಇಬ್ಬರೂ ಹರಕೆ ಕಟ್ಟಿಕೊಂಡರು. ಅದು ಅವರ ಕುಲದ ಕಟ್ಟುಪಾಡು. ಬತ್ತಿ ತುಂಬಿದ ಕೆರೆಗೆ ಮೊದಲ ಸಲ ಮರಿ ಬಿಟ್ಟರೆ, ಮೊದಲ ಮೀನು ಗಂಗಮ್ಮನಿಗೆ ಒಪ್ಪಿಸುವವರೆಗೆ ಮನೆಯವರು ಆ ನೀರಿಗೆ ಕಾಲಿಡುವಂತಿಲ್ಲ. ಬಲೆಯನ್ನು ಯುಗಾದಿಯ ಮಾರನೆಯ ದಿನಕ್ಕೆ, ಹೊಸತೊಡಕಿಗೆ, ಎಂದು ಇಟ್ಟುಕೊಂಡರು. ಯುಗಾದಿಯ ದಿನ ಸಿಹಿ ಉಂಡ ನಮ್ಮ ಕಡೆಯ ಜನ ಹೊಸತೊಡಕಿನ ದಿನ ಮಾಂಸವಿಲ್ಲದೆ ಬಾಯಿ ತೆರೆಯುವುದಿಲ್ಲ. ಅಂದು ಏರಿಯ ಮೇಲೇ ನಿಂತು ಮಾರಿದರೂ ಅಷ್ಟೂ ಮೀನು ಹೋಗುತ್ತದೆ. ಆಮೇಲೆ ಲಾರಿಯ ಮೀನು ಬೇಡ, ಮೊಪೆಡ್ಡು ಬೇಡ, ಮೀನು ಹಿಡಿಯುವವರು ಮೀನು ಹಿಡಿದುಕೊಂಡೇ ಬದುಕಬಹುದು. ಗಂಗುಲಪ್ಪ ಅಷ್ಟನ್ನೇ ಬಯಸಿದ್ದ. ಮೊಪೆಡ್ಡಿನ ಹಿಂದಿನ ಡಬ್ಬವನ್ನು ಅವನು ಅವಸರಪಟ್ಟು ಬಿಚ್ಚಿ ಹಿತ್ತಲಿಗೆ ಹಾಕಿಯೂಬಿಟ್ಟಿದ್ದ.

ಈಗ ತೂಬಿನ ವಿಷಯ. ಕೆರೆಯ ಒಳಗೆ, ಏರಿಗೆ ಹತ್ತಿರ, ತೂಬಿನ ಎರಡು ಕಲ್ಲುಕಂಬಗಳಿವೆ. ಒಂದರ ಮೈಮೇಲೆ ಮೊಳದುದ್ದದ ಮೀನು ಕೆತ್ತಿದೆ. ಶಿವಾರಪಟ್ಟಣದ ಕಲ್ಲುಕುಟಿಗರ ಕೈಯದು ಎಂದು ಚೌಡಪ್ಪ ಹೇಳುತ್ತಿದ್ದ. ಅದಕ್ಕೆ ಆಧಾರವೇನು ಎಂದು ಕೇಳಿದರೆ, "ನೋಡಿದ್ರೆ ಗೊತ್ತಾಗಲ್ವಾ?" ಎನ್ನುತ್ತಿದ್ದ. ಆ ಮೀನಿಗೊಂದು ಲೆಕ್ಕವಿತ್ತು. ಕೆರೆಯ ನೀರು ಇಳಿಯುತ್ತಾ ಇಳಿಯುತ್ತಾ ಕಲ್ಲಿನ ಮೀನು ಪೂರ್ತಿ ಹೊರಗೆ ಬಂದ ದಿನ ತೂಬು ಮುಚ್ಚಬೇಕು. ಮೇಲಿನ ನೀರು ಗದ್ದೆಯದು. ಕೆಳಗಿನದು ದನಕರುಗಳದು, ಮೀನಿನದು. ಗದ್ದೆ ಒಣಗಿ ಬಿರಿದರೂ ಸರಿ, ಆ ಗುರುತಿನ ಕೆಳಗೆ ಯಾರೂ ಒಂದು ಚೊಂಬು ಬಿಡಿಸುವಂತಿಲ್ಲ.

ನನಗೆ ಇದು ಬಹಳ ಹಿಡಿಸಿತ್ತು. ಎರಡು ಪುಟ ಬರೆದುಕೊಂಡೆ, ಚಿತ್ರವನ್ನೂ ಬರೆದೆ. ಆದರೆ ಚೌಡಪ್ಪನಿಗೆ ಒಂದು ವಿಷಯ ಕೊರೆಯುತ್ತಿತ್ತು. ಕೆರೆ ತುಂಬುವ ಮೊದಲೇ, ಒಣಗಿದ ಕೆರೆಯಂಗಳದಲ್ಲಿ ಕಂಬದ ಪಕ್ಕ ನಿಂತು ನನಗೆ ಹೇಳಿದ್ದ:

"ನಾನು ಚಿಕ್ಕೋನಿದ್ದಾಗ ಈ ಮೀನು ಕೈಗೆ ಸಿಕ್ತಿರಲಿಲ್ಲ ಸಾರ್. ನಮ್ಮಪ್ಪನ ಹೆಗಲ ಮೇಲೆ ಕೂತು ಮುಟ್ಟಿದ್ದೀನಿ. ಈಗ ನೋಡಿ, ನನ್ನ ಮೊಣಕಾಲಿಗೆ ಬಂದೈತೆ."

"ಆಗ ನೀನು ಚಿಕ್ಕೋನಿದ್ದೆ ತಾತಾ. ಈಗ ಉದ್ದ ಆಗಿದ್ದೀಯ."

ಅವನು ಬಗ್ಗಿ ಕಲ್ಲಿನ ಮೀನಿನ ಮೇಲೆ ಕೈಯಾಡಿಸಿದ. "ಅದೂ ನಿಜವೇ. ನಮ್ಮಪ್ಪ ಕುಳ್ಳ ಬೇರೆ" ಎಂದ. ಇಬ್ಬರೂ ನಕ್ಕೆವು. ಈ ಮಾತುಕತೆ ಪುಸ್ತಕದಲ್ಲಿದೆ, ಹಾಗಾಗಿ ಇದನ್ನು ನಂಬುತ್ತೇನೆ.

ಹದಿನೈದು ವರ್ಷ ಆ ಬಯಲಿನಲ್ಲಿ ನಡೆದಾಡಿದ ಊರಿಗೆ ತಾನು ಹೂಳಿನ ಮೇಲೆ ನಡೆಯುತ್ತಿದ್ದೇನೆ ಎಂದು ಹೊಳೆದಿರಲಿಲ್ಲ. ಹೂಳು ಒಂದೇ ದಿನದಲ್ಲಿ ಬಂದು ಕೂರುವುದಿಲ್ಲವಲ್ಲ. ಕಂಬ ಎಷ್ಟು ಹೂತುಹೋಗಿದೆ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಕಂಬ ಯಾವತ್ತೂ ಇದ್ದ ಹಾಗೇ ಇತ್ತು.

ಸಂಕ್ರಾಂತಿಗೆ ಮೊದಲು ಒಂದು ಮಧ್ಯಾಹ್ನ ನಾನು ಕೆರೆಯ ಆಳ ಅಳೆಯಲು ಹೊರಟೆ. ಗಂಗುಲಪ್ಪ ಲಾರಿಯ ಟ್ಯೂಬು ಕೊಟ್ಟ, ಉದ್ದದ ಬಿದಿರು ಕೊಟ್ಟ, ತಾನು ಏರಿಯ ಮೇಲೇ ನಿಂತ.

"ನೀವೇ ಹೋಗಿ ಬನ್ನಿ ಸಾರ್. ನಮಗೆ ಹರಕೆ ಐತೆ. ನಿಮಗೆ ಯಾವ ದೇವರೂ ಇಲ್ವಲ್ಲ."

ಟ್ಯೂಬಿನ ಮೇಲೆ ಕೂತು ಕೈಯಲ್ಲೇ ನೀರು ತಳ್ಳಿಕೊಂಡು ತೂಬಿನ ಕಂಬದವರೆಗೆ ಹೋದೆ. ಬಿದಿರು ಇಳಿಸಿದೆ. ಎಂಟು ಅಡಿಗೆ ಮೆತ್ತಗೆ ಕೆಸರಿನಲ್ಲಿ ನಿಂತಿತು. ಕಲ್ಲಿನ ಮೀನು ನೀರಿನೊಳಗೆ ಇತ್ತು. ಕೈ ಇಳಿಬಿಟ್ಟು, ಆಮೇಲೆ ಬಿದಿರಿನಿಂದ ತಡಕಿ, ಅದರ ಹೊಟ್ಟೆಯ ಗೆರೆ ಎಲ್ಲಿದೆ ಎಂದು ಗುರುತು ಮಾಡಿಕೊಂಡೆ. ನೀರಿನ ಮಟ್ಟದಿಂದ ಆರೂವರೆ ಅಡಿ ಕೆಳಗೆ. ದಡಕ್ಕೆ ಬಂದಾಗ ಮುನಿರತ್ನಮ್ಮ ಕೇಳಿದಳು, "ತಳ ಸಿಕ್ತಾ ಸಾರ್?"

"ಸಿಕ್ತು ಅಕ್ಕಾ."

"ಪುಣ್ಯ. ಇಲ್ದಿದ್ರೆ ನಿಮ್ಮನ್ನ ಹುಡುಕಕ್ಕೆ ನಾವು ಹರಕೆ ಮುರೀಬೇಕಿತ್ತು."

ಆವತ್ತು ಪುಸ್ತಕದಲ್ಲಿ ಕಳೆದು ಬರೆದಿದ್ದೇನೆ. ಮೀನಿನ ಗುರುತಿನಿಂದ ಕೆಸರಿಗೆ: ಒಂದೂವರೆ ಅಡಿ. ಅದರ ಕೆಳಗೆ ಒಂದು ಗೆರೆ ಎಳೆದಿದ್ದೇನೆ. ಗೆರೆ ಯಾಕೆ ಎಳೆದೆ? ಆ ಅಂಕಿಯ ಅರ್ಥ ನನಗೆ ಅಂದೇ ಹೊಳೆದಿತ್ತು ಎಂದಲ್ಲವೇ? ಸುಮ್ಮನೆ ಎಳೆದಿರಬಹುದು ಎಂದು ನಾಲ್ಕು ವರ್ಷ ವಾದ ಮಾಡಿದ್ದೇನೆ.

ಸಂಕ್ರಾಂತಿಯಾಗಿ ವಾರಕ್ಕೆ ಏರಿಯ ಮೇಲೆ ಗಂಗಮ್ಮನ ಕಲ್ಲಿನ ಪಕ್ಕ ಊರಿನವರು ಸೇರಿದರು. ಈ ನೀರಿಗೆ ಎಷ್ಟು ಗದ್ದೆ ನಾಟಿ ಮಾಡಬಹುದು ಎಂಬುದು ತೀರ್ಮಾನವಾಗಬೇಕಿತ್ತು. ಸೀನಪ್ಪ ಮತ್ತು ರಾಗಿ ಕಳೆದುಕೊಂಡ ಎಲ್ಲರಿಗೂ ಪೂರ್ತಿ ಅಚ್ಚುಕಟ್ಟು ನಾಟಿಯಾಗಬೇಕು. ಅವರ ಮನೆಯಲ್ಲಿ ಉಣ್ಣಲು ಬೇರೆ ಏನಿದೆ? ಗಂಗುಲಪ್ಪ ಒಂದೇ ಮಾತು ಕೇಳಿದ: ಹೊಸತೊಡಕಿನವರೆಗೆ ಮೀನಿಗೆ ನೀರು ನಿಲ್ಲುತ್ತದೆಯೇ?

"ಕಲ್ಲಿನ ಮೀನು ಕಂಡ ತಕ್ಷಣ ಮುಚ್ಚಿಬಿಡೋಣ ಕಣಪ್ಪ" ಎಂದ ಸೀನಪ್ಪ. "ನನ್ನ ಗದ್ದೆ ಬಾಯಿ ಬಿಟ್ಟುಕೊಂಡಿದ್ರೂ ಮುಚ್ಚು ಅಂತೀನಿ. ಇಷ್ಟು ಜನದ ಮುಂದೆ ಹೇಳ್ತಿದ್ದೀನಿ."

ಚೌಡಪ್ಪ ಕಂಬದ ಕಡೆ ನೋಡುತ್ತಿದ್ದ. ಮುಂದೆ ನಡೆದದ್ದನ್ನು ನನ್ನ ನೆನಪು ಹೇಳುವಂತೆ ಬರೆಯುತ್ತೇನೆ. ನಾನು ಎದ್ದು ನಿಂತೆ. ಎಲ್ಲರೂ ನನ್ನ ಕಡೆ ತಿರುಗಿದರು. "ತಾತಾ, ಕಲ್ಲು ಸುಳ್ಳು ಹೇಳಲ್ಲ. ನಿಮ್ಮ ಹಿರಿಯರು ಇಟ್ಟಿರೋ ಗುರುತು. ಅದನ್ನ ನಂಬಿ" ಎಂದೆ. ಚೌಡಪ್ಪ ತಲೆಯಾಡಿಸಿದ. ಪೂರ್ತಿ ಅಚ್ಚುಕಟ್ಟು ನಾಟಿಯಾಯಿತು.

ಯಾಕೆ ಹಾಗೆ ಹೇಳಿದೆ ಎಂಬುದಕ್ಕೂ ನನ್ನ ಬಳಿ ಕಾರಣವಿತ್ತು. ಹಳೆಯ ಕಟ್ಟುಪಾಡು ಮತ್ತೆ ಜೀವಪಡೆದ ಊರು ನನ್ನ ಪ್ರಬಂಧಕ್ಕೆ ಸೊಗಸಾದ ಕೊನೆ. ಎಲ್ಲವನ್ನೂ ಅನುಮಾನಿಸುವವನು, ಅನುಮಾನಿಸಲೇಬೇಕಾಗಿದ್ದ ಆ ಗುರುತೊಂದನ್ನು ಅನುಮಾನಿಸಲಿಲ್ಲ. ನಾಲ್ಕು ವರ್ಷ ನನ್ನನ್ನು ನಾನು ಹೀಗೆ ಬೈದುಕೊಂಡೆ. ಬೈಗುಳದಲ್ಲೂ ಒಂದು ಸುಖವಿತ್ತೆಂದು ಈಗ ತೋರುತ್ತದೆ.

ಬೇಸಿಗೆ ಆ ವರ್ಷ ಶಿವರಾತ್ರಿಯವರೆಗೂ ಕಾಯಲಿಲ್ಲ. ಮಾಘದ ಮೊದಲಲ್ಲೇ ನೆಲ ಕಾಯಲು ಶುರುವಾಯಿತು. ಭತ್ತ ಎಂದಿಗಿಂತ ಹೆಚ್ಚು ನೀರು ಕುಡಿಯಿತು. ಚೌಡಪ್ಪ ಬೆಳಿಗ್ಗೆ ತೂಬು ತೆರೆದು, ಕಾಲುವೆಯ ಉದ್ದಕ್ಕೂ ಸನಿಕೆ ಹಿಡಿದು ಓಡಾಡಿ, ಸಂಜೆ ಮುಚ್ಚುತ್ತಿದ್ದ. ಎಪ್ಪತ್ತು ದಾಟಿದ ಮನುಷ್ಯ ಆ ಎರಡು ತಿಂಗಳು ಚಿಕ್ಕವನಾಗಿದ್ದ. ಏರಿಯ ಮೇಲೆ ನಿಂತು ನೋಡಿದರೆ ಕೆರೆ ಇನ್ನೂ ಕೆರೆಯೇ. ಕೆಂಪು ನೀರು, ಅದರಲ್ಲಿ ಅಲ್ಲಲ್ಲಿ ಮೀನು ಹೊರಳಿದ ಹೊಳಪು. ಮೀನುಗಳು ಮುಂಗೈಯಷ್ಟಾಗಿದ್ದವು. ಗಂಗುಲಪ್ಪ ದಿನಕ್ಕೆರಡು ಸಲ ಬಂದು, ನೀರಿಗೆ ಕಾಲು ತಾಗದಂತೆ ಕಲ್ಲಿನ ಮೇಲೆ ಕೂತು ನೋಡುತ್ತಿದ್ದ.

"ಸಾಕು ಬಾರಯ್ಯ" ಎಂದು ಮುನಿರತ್ನಮ್ಮ ಕೂಗುತ್ತಿದ್ದಳು. "ನಿನ್ನ ದೃಷ್ಟೀನೇ ತಾಗ್ತದೆ ಅವಕ್ಕೆ."

ಯುಗಾದಿಗೆ ಹತ್ತು ಹನ್ನೊಂದು ದಿನ ಇರುವಾಗ ಕಲ್ಲಿನ ಮೀನಿನ ಬೆನ್ನು ಕಂಡಿತು. ಎರಡು ದಿನಕ್ಕೆ ಹೊಟ್ಟೆ. ಚೌಡಪ್ಪ ತೂಬು ಮುಚ್ಚಿ, ಕಂಬಕ್ಕೆ ಕೈಮುಗಿದು ಬಂದ. ಭತ್ತ ಹಾಲು ತುಂಬುವ ಹೊತ್ತು ಅದು, ಇನ್ನೆರಡು ನೀರು ಬೇಕೇ ಬೇಕಿತ್ತು. ಸೀನಪ್ಪ ಗದ್ದೆಯ ಬದುವಿನ ಮೇಲೆ ನಿಂತಿದ್ದ. ಯಾರೋ ಅವನಿಗೆ, ಹೋಗಿ ತಾತನಿಗೆ ಹೇಳೋ, ಒಂದು ದಿನ ಬಿಡಲಿ ಎಂದರು. ಅವನು "ಹೇಳಿದ್ದೀನಲ್ಲ" ಎಂದನೇ ಹೊರತು ಕದಲಲಿಲ್ಲ. ಬರಬೇಕಾಗಿದ್ದ ಬೇಸಿಗೆ ಮಳೆ ಎರಡು ಸಂಜೆ ಗುಡುಗಿ ಆಂಧ್ರದ ಕಡೆ ಹೋಯಿತು.

ಯುಗಾದಿಗೆ ಐದು ದಿನ ಇತ್ತು. ಹಿಂದಿನ ದಿನವೆಲ್ಲ ಬಿಸಿಲು ಕಾದು, ಅಂದು ಬೆಳಿಗ್ಗೆ ಮೋಡ ಮುಚ್ಚಿ ಗಾಳಿ ನಿಂತುಹೋಗಿತ್ತು. ಬೈಕಿನಲ್ಲಿ ಏರಿಗೆ ಬಂದವನಿಗೆ ಮೊದಲು ಕಂಡದ್ದು ಕೆರೆಯ ಮೇಲೆ ಮಳೆ ಬೀಳುತ್ತಿರುವ ಹಾಗೆ ನೀರು ಕುಣಿಯುತ್ತಿದ್ದದ್ದು. ಮಳೆಯಲ್ಲ. ಅಷ್ಟೂ ಮೀನು ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತಿದ್ದವು. ಮೊಣಕಾಲು ಮುಟ್ಟದ ಬಿಸಿನೀರಿನಲ್ಲಿ ಅವಕ್ಕೆ ಉಸಿರಿರಲಿಲ್ಲ.

ಗಂಗುಲಪ್ಪ ಮತ್ತು ಮುನಿರತ್ನಮ್ಮ ದಡದಲ್ಲಿ ಹೆಗಲ ಮೇಲೆ ಬಲೆ ಹೊತ್ತು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಹರಕೆ ಮುರಿಯಬೇಕೇ ಎಂದು ಗಂಡ ಹೆಂಡತಿಯ ಮುಖ ನೋಡುತ್ತಿದ್ದ. ಕೊನೆಗೆ ಅವಳೇ ಸೆರಗು ಸಿಕ್ಕಿಸಿ ಇಳಿದಳು. ಇಳಿದವಳು ಹತ್ತು ಹೆಜ್ಜೆ ಹೋದಳು, ಇಪ್ಪತ್ತು ಹೆಜ್ಜೆ ಹೋದಳು. ನೀರು ಅವಳ ಮೀನಖಂಡ ದಾಟಲಿಲ್ಲ. ಕಂಬದ ಹತ್ತಿರ ಹೋಗಿ ತಿರುಗಿ ನಿಂತು ಗಂಡನ ಕಡೆ ನೋಡಿದಳು. ಕಲ್ಲಿನ ಮೀನಿನ ಕೆಳಗೆ ಉಳಿದದ್ದು ನೀರಲ್ಲ, ಹೂಳು ಎಂದು ಆಗಲೇ ಗಂಗುಲಪ್ಪನಿಗೆ ಗೊತ್ತಾದದ್ದು. ಅವನು ತೆಲುಗಿನಲ್ಲಿ, ಯಾರಿಗೂ ಅಲ್ಲದ ದನಿಯಲ್ಲಿ, "ಅಂತಾ ಪೋಯಿಂದಿ" ಎಂದ. ಎಲ್ಲ ಹೋಯಿತು.

ಸಿಕ್ಕಷ್ಟು ಹಿಡಿದರು. ಊರಿನವರು ಬುಟ್ಟಿ, ಬಕೆಟ್ಟು, ಸೀರೆ ಹಿಡಿದು ಇಳಿದರು. ಆದರೆ ಮಧ್ಯಾಹ್ನದೊಳಗೆ ಬಿಳಿ ಹೊಟ್ಟೆಗಳು ಕೆರೆಯ ತುಂಬ ತೇಲಿದವು, ಸಂಜೆಗೆ ವಾಸನೆ ಎದ್ದಿತು. ಯುಗಾದಿಗೆ ಊರಿನಲ್ಲಿ ಒಬ್ಬಟ್ಟಿನ ವಾಸನೆ ಯಾರಿಗೂ ಬರಲಿಲ್ಲ. ಹೊಸತೊಡಕಿಗೆ ಜನ ಪೇಟೆಯಿಂದ ಕೋಳಿ ತಂದರು. ಸತ್ತ ಮೀನನ್ನು ಎತ್ತಿನಗಾಡಿಯಲ್ಲಿ ತುಂಬಿ ಹೂಳುವಾಗ ಗಂಗುಲಪ್ಪನ ಜತೆ ಸನಿಕೆ ಹಿಡಿದವನು ಸೀನಪ್ಪ. ಅವನ ಭತ್ತ ಆಮೇಲೆ ಅರ್ಧ ಜೊಳ್ಳಾಯಿತು. ಮೀನಿಗೆಂದು ಬಿಟ್ಟುಕೊಟ್ಟ ನೀರು ಮೀನಿಗೂ ಆಗಲಿಲ್ಲ.

ಚೌಡಪ್ಪ ಕಂಬದ ಬುಡದಲ್ಲಿ ಸನಿಕೆಯಿಂದ ಅಗೆದ. ಸೊಂಟದಷ್ಟು ಅಗೆದರೂ ಕಂಬದ ಬುಡ ಸಿಗಲಿಲ್ಲ. "ನಾನು ಉದ್ದ ಆಗಿರಲಿಲ್ಲ" ಎಂದ. ನನ್ನ ಕಡೆ ನೋಡಿದನೋ ಇಲ್ಲವೋ, ಹೇಳಲಾರೆ. ನಾನು ಆ ತಿಂಗಳೇ ಕೋಣೆ ಖಾಲಿ ಮಾಡಿದೆ. ಪ್ರಬಂಧಕ್ಕೆ ಬೇರೆ ಊರು ಹಿಡಿದೆ.

ಇದೆಲ್ಲ ಹಿಂದಿನದು. ಹೋದ ತಿಂಗಳು ನಾನು ಏರಿಯ ಮೇಲೆ ಹತ್ತಿ ನಿಂತಾಗ ಕೆರೆಯಲ್ಲಿ ಅರ್ಧದಷ್ಟು ನೀರಿತ್ತು. ಈ ಸಲ ಮಳೆ ಇನ್ನೂ ಒಂದು ತಿಂಗಳು ತಡವಾಗಿ ಬಂದಿತ್ತಂತೆ. ಯಾರೋ ಕಂಬದ ಮೇಲೆ, ಮೀನಿನಿಂದ ಒಂದು ಮಾರು ಎತ್ತರಕ್ಕೆ, ಹಳದಿ ಬಣ್ಣದಲ್ಲಿ ಹೊಸ ಗೆರೆ ಎಳೆದಿದ್ದರು. ಮೀನು ಹಿಡಿಯುವ ಗುತ್ತಿಗೆ ಈಗ ಎಲ್ಲಿಯವರೋ ತೆಗೆದುಕೊಂಡಿದ್ದಾರೆ. ಚೌಡಪ್ಪ ಎರಡು ವರ್ಷದ ಹಿಂದೆ ತೀರಿಕೊಂಡ. ಮೀನು ಸತ್ತ ಮೇಲೆ ಅವನು ತೂಬಿನ ಹತ್ತಿರ ಒಬ್ಬನೇ ಹೋಗುತ್ತಿರಲಿಲ್ಲವಂತೆ. ಗಂಗುಲಪ್ಪ ಕೋಲಾರದ ಟೊಮೆಟೊ ಮಂಡಿಯಲ್ಲಿ ಕ್ರೇಟು ಎತ್ತುತ್ತಾನೆ, ಭಾನುವಾರ ಬರುತ್ತಾನೆ.

ಮುನಿರತ್ನಮ್ಮ ಮನೆಯ ಹಿಂದಿನ ತುಂಡು ಜಮೀನಿನಲ್ಲಿ ಹೀರೆಕಾಯಿ ಕೀಳುತ್ತಿದ್ದಳು. ಬೇಲಿಗೆ ನೆಡುವಂಥ ಕಲ್ಲುಕೂಚಗಳ ನಡುವೆ ಅವಳ ಅಮ್ಮನ ಬಲೆಯನ್ನು ಕಟ್ಟಿ ಬಳ್ಳಿ ಹಬ್ಬಿಸಿದ್ದಳು. ಬಲೆಯ ಕಣ್ಣುಗಳಿಂದ ಕಾಯಿಗಳು ಜೋತುಬಿದ್ದಿದ್ದವು. ಬಿಸಿಲಿಗೆ ಅದೇ ವಾಸನೆ.

"ಏನ್ ಸಾರ್, ದಾರಿ ತಪ್ಪಿ ಬಂದ್ರಾ? ತಲೆ ಬೆಳ್ಳಗಾಗೈತೆ."

ನಾನು ಕ್ಷಮೆ ಕೇಳಲೆಂದೇ ಬಂದಿದ್ದೆ ಎಂದು ಆಗ ನನಗೇ ಗೊತ್ತಾಯಿತು. ಅವಳು ಕಾಯಿ ಕೀಳುತ್ತಲೇ ಇದ್ದಳು, ನಾನು ಹೇಳಿದೆ. ಆವತ್ತು ಎದ್ದು ನಿಂತು ಕಲ್ಲನ್ನು ನಂಬಿ ಎಂದವನು ನಾನು, ನನ್ನ ಮಾತಿನಿಂದಲೇ ಹಾಗಾಯಿತು ಎಂದೆ.

ಅವಳು ಬಗ್ಗಿದ್ದವಳು ಎದ್ದಳು.

"ನೀವೆಲ್ಲಿ ಎದ್ದು ನಿಂತ್ರಿ ಸಾರ್?"

"ಸಭೇಲಿ ಅಕ್ಕಾ. ಏರಿ ಮೇಲೆ. ಕಲ್ಲು ಸುಳ್ಳು ಹೇಳಲ್ಲ ಅಂದೆನಲ್ಲ?"

"ಅದು ತಾತ ಅಂದಿದ್ದು. ನೀವೇನೂ ಹೇಳ್ಲಿಲ್ಲ. ಆ ಬೇವಿನ ಮರಕ್ಕೆ ಒರಗಿಕೊಂಡು ಬರ್ಕೊಂತಾ ಇದ್ರಿ. ತಾತ ನಿಮ್ಮನ್ನೇ ಕೇಳ್ತು. 'ಸಾರ್, ನೀವು ಕೋಲು ಹಾಕಿ ನೋಡಿದ್ರಲ್ಲ, ಕಲ್ಲಿನ ಮೀನಿನ ಕೆಳಗೆ ಎಷ್ಟೈತೆ?' ಅಂತು. ನೀವು ನಕ್ಕು, 'ನಾನು ಬರ್ಕೊಳ್ಳಕ್ಕೆ ಬಂದಿರೋನು ತಾತಾ, ಹೇಳಕ್ಕಲ್ಲ' ಅಂದ್ರಿ. ಆಮೇಲೆ ತಾತ ಕಂಬದ ಕಡೆ ನೋಡ್ಕೊಂಡು, ಹೋಗ್ಲಿ ಬಿಡಿ, ಕಲ್ಲು ಸುಳ್ಳು ಹೇಳಲ್ಲ ಅಂತು."

ಅವಳ ನೆನಪೂ ನೆನಪೇ, ತಪ್ಪಿರಬಹುದು ಎಂದು ಒಳಗೆ ನನ್ನ ಓದು ಮಾತನಾಡಿತು. ಆದರೆ ಆ ಸಭೆಯ ಪುಟ ನನಗೆ ಬಾಯಿಪಾಠವಿದೆ. ಸೀನಪ್ಪ ಹೇಳಿದ್ದಿದೆ, ಗಂಗುಲಪ್ಪ ಕೇಳಿದ್ದಿದೆ. ನನ್ನ ಮಾತು ಒಂದೂ ಇಲ್ಲ. ತನ್ನ ಮಾತನ್ನು ಯಾರು ತಾನೇ ಬರೆದುಕೊಳ್ಳುತ್ತಾರೆ ಎಂದು ಅದಕ್ಕೆ ಸಮಾಧಾನ ಹೇಳಿಕೊಂಡಿದ್ದೆ. ಎದ್ದು ನಿಂತವನು ಪೆನ್ನು ಹಿಡಿದು ಅಷ್ಟೆಲ್ಲ ಹೇಗೆ ಬರೆದ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಸುಮ್ಮನಿದ್ದದ್ದಕ್ಕಿಂತ ತಪ್ಪು ಹೇಳಿದ್ದು ಮೇಲು ಎಂದು ನನ್ನ ನೆನಪು ತೀರ್ಮಾನಿಸಿ, ಸತ್ತ ಮುದುಕನ ಮಾತನ್ನು ಎತ್ತಿ ನನ್ನ ಬಾಯಿಗೆ ಹಾಕಿತ್ತು.

"ಒಂದೂವರೆ ಅಡಿ" ಎಂದೆ.

"ಏನು?"

"ಮೀನಿನ ಕೆಳಗೆ ಇದ್ದದ್ದು. ಆವತ್ತೇ ಗೊತ್ತಿತ್ತು. ಬರ್ಕೊಂಡಿದ್ದೆ."

ಅವಳು ಕಿತ್ತ ಕಾಯಿಯನ್ನು ಕೆಳಗಿಟ್ಟಳು. ಬಗ್ಗಿ, ಸೀರೆಯ ಮೇಲಿಂದಲೇ ತನ್ನ ಕಾಲಿನ ಮೇಲೆ, ಮೊಣಕಾಲಿಗಿಂತ ಒಂದಿಷ್ಟು ಕೆಳಗೆ, ಅಂಗೈಯನ್ನು ಅಡ್ಡ ಇಟ್ಟಳು.

"ಇಷ್ಟಾ?"

"ಅಷ್ಟೇ."

"ನೀವು ಅಂದಿದ್ರೆ ಅರ್ಧ ಗದ್ದೆ ನಾಟಿ ಮಾಡ್ತಿದ್ರು ಸಾರ್" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. "ಸೀನಪ್ಪಣ್ಣನೂ ಒಪ್ತಿದ್ದ. ಬಾಯಿ ಜಾಸ್ತಿ ಅಷ್ಟೇ, ಒಪ್ತಿದ್ದ."

ಆಮೇಲೆ ಅವಳು ಮತ್ತೆ ಬಳ್ಳಿಯ ಕಡೆ ತಿರುಗಿ, ಎಳೆಯದನ್ನೇ ಆರಿಸಿ ಏಳೆಂಟು ಹೀರೆಕಾಯಿ ಕಿತ್ತಳು. ಬೇಡ ಎಂದೆ. "ಬರಿಗೈಲಿ ಕಳ್ಸಕ್ಕಾಗ್ತದಾ?" ಎಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಹಿಡಿದು ತಿರುವಿ, ಸೊಂಟದಲ್ಲಿದ್ದ ನೈಲಾನ್ ದಾರ ತೆಗೆದು ಬೆರಳಿನ ಸುತ್ತ ತಂದು, ಹಿಂದಿನಿಂದ ತೂರಿಸಿ, ಒಂದೇ ಎಳೆತಕ್ಕೆ ಬಿಗಿದಳು.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ನಿಂತು ಆ ಗಂಟನ್ನು ಬಿಚ್ಚಲು ಬಹಳ ಹೊತ್ತು ನೋಡಿದೆ. ಉಗುರು ನೋಯಿತು. ಅದು ಒಂದೆಳೆಯೂ ಸಡಿಲಾಗಲಿಲ್ಲ. ಕೊನೆಗೆ ಚಾಕು ತೆಗೆದುಕೊಂಡೆ.